ಜೋಡಿಹಳಿ ಬಂತು, ಕರೆಂಟೂ ಬಂತು, ರೈಲು ಯಾಕೆ ಇನ್ನೂ ಓಡುತ್ತಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ತಿಂಗಳಿಗೆ ಎರಡು ಸಲವಾದರೂ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಓಡಾಡುತ್ತೇನೆ. ವರ್ಷಗಟ್ಟಲೆ ಜೋಡಿಹಳಿ ಕೆಲಸ ನೋಡಿದೆವು, ಮುಗಿಯಿತು. ಕಂಬ ನೆಟ್ಟು ತಂತಿ ಎಳೆದರು, ಡೀಸೆಲ್ ಎಂಜಿನ್ ಹೋಯಿತು, ವಂದೇ ಭಾರತ್ ಬಂತು. ಆದರೆ ನಾನು ಹತ್ತುವ ಎಕ್ಸ್‌ಪ್ರೆಸ್ಸಿಗೆ ಹೆಚ್ಚುಕಡಿಮೆ ಹಳೇ ಹೊತ್ತೇ ಹಿಡಿಯುತ್ತದೆ. ವಂದೇ ಭಾರತ್ 180ಕ್ಕೆ ಓಡುತ್ತದೆ ಅಂದರು, ಲೆಕ್ಕ ಹಾಕಿದರೆ 75 ಬರುತ್ತದೆ. ಅದಕ್ಕೆ ದಾರಿ ಬಿಡಲು ನಮ್ಮ ಗಾಡಿಯನ್ನು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಇದೆಲ್ಲ ಬಣ್ಣ ಬಳಿಯುವ ಕೆಲಸವೇ? ಕವಚ್ ಎಂಬ ಸುರಕ್ಷತಾ ವ್ಯವಸ್ಥೆ ಹಾಕಿದರೆ ವೇಗ ಹೆಚ್ಚುತ್ತದಾ? ನಮ್ಮ ಪ್ರಯಾಣಿಕರ ಸಂಘ ಮನವಿ ಕೊಡಬೇಕೆಂದಿದೆ. ಏನು ಕೇಳಿದರೆ ಉಪಯೋಗ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಇನ್ನರ್ಧ, ಮೂರು ಬೇರೆ ಬೇರೆ ಸಂಗತಿಗಳು ಒಂದೇ ಮಾತಿನಲ್ಲಿ ಕಲಸಿಹೋಗಿರುವುದರಿಂದ ಹುಟ್ಟಿದ್ದು. ಗಾಡಿ ಎಷ್ಟು ವೇಗವಾಗಿ ಓಡಬಲ್ಲದು ಎಂಬುದು ಒಂದು. ಹೊರಟಲ್ಲಿಂದ ಮುಟ್ಟುವ ತನಕದ ಸರಾಸರಿ ಇನ್ನೊಂದು. ಆ ಹಳಿಯ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು ಎಂಬುದು ಮೂರನೆಯದು. ಜೋಡಿಹಳಿಗೂ ವಿದ್ಯುದೀಕರಣಕ್ಕೂ ಸುರಿದ ದುಡ್ಡು ಬಹುಪಾಲು ಮೂರನೆಯದಕ್ಕೆ ಹೋಗಿದೆ. ಅದು ಪೋಲಾಗಿಲ್ಲ, ಆದರೆ ನಿಮ್ಮ ಕೈಗಡಿಯಾರದಲ್ಲಿ ಕಾಣಿಸುವ ಜಾತಿಯ ಕೆಲಸ ಅದಲ್ಲ.

ಮೊದಲು ಆ 75ರ ಮಾತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ಸುಮಾರು 490 ಕಿ.ಮೀ.ಗೆ ಆರೂವರೆ ಗಂಟೆ ಇಟ್ಟಿದ್ದರು. ಭಾಗಿಸಿದರೆ ನೀವು ಹೇಳಿದ ಅಂಕಿಯೇ. ಇದು ನಮ್ಮ ರಾಜ್ಯದ ಹಣೆಬರಹ ಮಾತ್ರವೂ ಅಲ್ಲ. ಮಾಹಿತಿ ಹಕ್ಕಿನಡಿ ರೈಲ್ವೆಯೇ ಕೊಟ್ಟ ಉತ್ತರದ ಪ್ರಕಾರ ದೇಶದ ಎಲ್ಲ ವಂದೇ ಭಾರತ್‌ಗಳ ಸರಾಸರಿ 2020–21ರಲ್ಲಿ 84.48 ಇದ್ದದ್ದು 2023–24ರಲ್ಲಿ 76.25ಕ್ಕೆ ಇಳಿಯಿತು. ಗಾಡಿ ಕೆಟ್ಟಿತೆಂದಲ್ಲ. ಮೊದಲು ಒಳ್ಳೆಯ ಹಳಿಯ ಮೇಲೆ ಬಿಟ್ಟಿದ್ದರು, ಆಮೇಲೆ ಸಾಧಾರಣ ಹಳಿಯ ಮೇಲೂ ಬಿಟ್ಟರು. 180 ಎಂಬುದು ವಿನ್ಯಾಸದ ವೇಗ, 2018ರಲ್ಲಿ ಕೋಟಾ ವಿಭಾಗದ ಪರೀಕ್ಷೆಯಲ್ಲಿ ಮುಟ್ಟಿದ್ದು. ಸೇವೆಯಲ್ಲಿ ಓಡಲು ಅದಕ್ಕಿರುವ ಮಿತಿ 160. ನಮ್ಮ ಮಾರ್ಗದ ಹಳಿಗೆ ಆಗ ಇದ್ದ ಅನುಮತಿ 110. ಕಾರಿನ ಮೀಟರಿನಲ್ಲಿ 220 ಬರೆದಿದೆ ಅಂತ ಶಿರಾಡಿ ಘಾಟಿಯಲ್ಲಿ ಯಾರೂ 220 ಹೊಡೆಯುವುದಿಲ್ಲವಲ್ಲ, ಇದೂ ಅಷ್ಟೇ. ಕಾರ್ಖಾನೆಯ ಅಂಕಿಯನ್ನು ಊರಿಗೆಲ್ಲ ಸಾರಿ, ಹಳಿಯ ಅಂಕಿಯನ್ನು ಹೇಳದೆ ಬಿಟ್ಟದ್ದು ಪ್ರಚಾರದವರ ತಪ್ಪು.

ಈಗ 110ನ್ನು 130 ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ನೋಡೋಣ. ಬಹುತೇಕ ಮನವಿಗಳಲ್ಲಿ ಇದೇ ಮೊದಲ ಸಾಲಿನಲ್ಲಿರುತ್ತದೆ. 100 ಕಿ.ಮೀ. ದೂರವನ್ನು ಎಲ್ಲೂ ನಿಧಾನಿಸದೆ 110ರಲ್ಲಿ ಓಡಿದರೆ ಐವತ್ತನಾಲ್ಕೂವರೆ ನಿಮಿಷ, 130ರಲ್ಲಿ ಓಡಿದರೆ ನಲವತ್ತಾರು ಚಿಲ್ಲರೆ. ಉಳಿದದ್ದು ಎಂಟು ನಿಮಿಷ. ಅದೇ 100 ಕಿ.ಮೀ.ಯಲ್ಲಿ ಬರೀ 5 ಕಿ.ಮೀ. ಉದ್ದಕ್ಕೆ ಗಾಡಿ 30ರಲ್ಲಿ ತೆವಳುತ್ತಿದೆ ಅನ್ನಿ. ಆ ತುಂಡಿಗೆ ಹತ್ತು ನಿಮಿಷ ಬೇಕು. ಅದನ್ನು 75ಕ್ಕೆ ಏರಿಸಿದರೆ ನಾಲ್ಕೇ ನಿಮಿಷ, ಉಳಿತಾಯ ಆರು. ಅಂದರೆ 5 ಕಿ.ಮೀ. ತೆವಳಾಟ ತಪ್ಪಿಸುವುದೂ 70 ಕಿ.ಮೀ. ಉದ್ದದ ಹಳಿಯನ್ನು 110ರಿಂದ 130ಕ್ಕೆ ಏರಿಸುವುದೂ ಸಮಯದ ಲೆಕ್ಕದಲ್ಲಿ ಸಮ. ಖರ್ಚಿನ ಲೆಕ್ಕದಲ್ಲಿ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಿಮ್ಮ ಮನವಿಯ ಮೊದಲ ಪ್ರಶ್ನೆ, ಗಾಡಿ ನಿಧಾನವಾಗುವುದು ಎಲ್ಲೆಲ್ಲಿ ಮತ್ತು ಯಾಕೆ ಎಂದಿರಲಿ.

ನಿಧಾನದ ಮೊದಲ ಕಾರಣ ತಿರುವು. ಈ ಮಾರ್ಗ ಹುಟ್ಟಿದ್ದು 1880ರ ದಶಕದಲ್ಲಿ, ಮೀಟರ್ ಗೇಜ್ ಆಗಿ. ಆಗ ಗುಡ್ಡ ಅಡ್ಡ ಬಂದರೆ ಕಡಿಯುತ್ತಿರಲಿಲ್ಲ, ಬಳಸಿ ಹೋಗುತ್ತಿದ್ದರು. ಸಣ್ಣ ಎಂಜಿನ್, ಹಗುರ ಡಬ್ಬಿ, ಕಡಿಮೆ ವೇಗ, ಆ ಕಾಲಕ್ಕೆ ಅದು ಜಾಣತನವೇ. ನೂರು ವರ್ಷ ಕಳೆದು 1992ರಲ್ಲಿ ಏಕಗೇಜ್ ಯೋಜನೆ ಬಂದಾಗ ದೇಶದ ಸಾವಿರಾರು ಕಿ.ಮೀ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಿದರು. ಹಳಿಗಳ ನಡುವಿನ ಅಂತರ 1000 ಮಿ.ಮೀ. ಇದ್ದದ್ದು 1676 ಆಯಿತು. ಆದರೆ ಬಹಳ ಕಡೆ ದಾರಿ ಅದೇ ಹಳೇ ದಾರಿ, ತಿರುವೂ ಅದೇ. ಆಮೇಲೆ ಜೋಡಿಹಳಿ ಹಾಕುವಾಗ ಜಮೀನು ಸುಲಭಕ್ಕೆ ಸಿಗುವುದು ಹಳೇ ಹಳಿಯ ಪಕ್ಕದಲ್ಲೇ ಆದ್ದರಿಂದ ಎರಡನೆಯ ಹಳಿಯೂ ಸಾಮಾನ್ಯವಾಗಿ ಅದೇ ತಿರುವನ್ನು ಹಿಡಿದುಕೊಂಡು ಹೋಗುತ್ತದೆ.

ತಿರುವಿನಲ್ಲಿ ವೇಗ ಎಷ್ಟಿರಬೇಕೆಂದು ಯಾರೋ ಅಧಿಕಾರಿ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ, ಲೆಕ್ಕವಿದೆ. ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ತುಸು ಎತ್ತರಿಸಿರುತ್ತಾರೆ, ಅದಕ್ಕೆ ಕ್ಯಾಂಟ್ ಎನ್ನುತ್ತಾರೆ. ಪ್ರಮುಖ ಮಾರ್ಗಗಳಲ್ಲಿ ಹೆಚ್ಚೆಂದರೆ 165 ಮಿ.ಮೀ. ಅದರ ಮೇಲೆ ಪ್ರಯಾಣಿಕನಿಗೆ ತೀರಾ ವಾಲಿದಂತಾಗದ ಹಾಗೆ, ಆ ವೇಗಕ್ಕೆ ಬೇಕಾದ ಎತ್ತರದಲ್ಲಿ 75 ಮಿ.ಮೀ. ಕೊರತೆಯನ್ನು ಸಹಿಸಬಹುದು, ಹೆಚ್ಚಿನ ವೇಗದ ಮಾರ್ಗಗಳಲ್ಲಿ ಇದನ್ನು 100ರ ತನಕ ಒಪ್ಪುತ್ತಾರೆ. ಈ ಎರಡನ್ನೂ ಕೂಡಿಸಿ, ತಿರುವಿನ ತ್ರಿಜ್ಯದಿಂದ ಗುಣಿಸಿ, ವರ್ಗಮೂಲ ತೆಗೆದು, 0.27ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಬರುತ್ತದೆ. 4 ಡಿಗ್ರಿ ತಿರುವು ಅಂದರೆ ಸುಮಾರು 437 ಮೀ. ತ್ರಿಜ್ಯ. ಕ್ಯಾಂಟ್ 90, ಕೊರತೆ 75 ಇಟ್ಟರೆ ವೇಗ 72. ಅದೇ ತಿರುವಿನಲ್ಲಿ 130 ಓಡಬೇಕೆಂದರೆ ಎರಡೂ ಸೇರಿ 530 ಮಿ.ಮೀ. ಬೇಕು, ಅಂದರೆ ಕೊರತೆಯ 75 ಕಳೆದರೂ ಒಂದು ಹಳಿ ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಅಡಿ ಮೇಲೆ. ಗಾಡಿ ಅಲ್ಲಿ ನಿಂತರೆ ಜನ ಕಿಟಕಿಯ ಕಡೆಗೆ ಜಾರುತ್ತಾರೆ. ಗರಿಷ್ಠ ಕ್ಯಾಂಟನ್ನೇ ಕೊಟ್ಟುಬಿಡಿ ಅನ್ನುವಂತೆಯೂ ಇಲ್ಲ. ಅದೇ ಹಳಿಯ ಮೇಲೆ ಸಿಮೆಂಟು, ಅದಿರು ಹೊತ್ತ ಗೂಡ್ಸ್ 50ರಲ್ಲಿ ಬರುತ್ತದೆ. ಕ್ಯಾಂಟ್ ಅತಿಯಾದರೆ ಅದರ ಭಾರವೆಲ್ಲ ಒಳಹಳಿಯ ಮೇಲೆ ಬಿದ್ದು ಹಳಿಯ ತಲೆ ಚಪ್ಪಟೆಯಾಗುತ್ತದೆ. ಒಂದೇ ಹಳಿ, ಎರಡು ಬಗೆಯ ಗಾಡಿ. ಮಧ್ಯದ ಯಾವುದೋ ಅಂಕಿಗೆ ರಾಜಿಯಾಗಲೇಬೇಕು.

ಎರಡನೆಯದು ಸ್ಟೇಷನ್ ಯಾರ್ಡು. ಇದು ಪ್ರಯಾಣಿಕರ ಗಮನಕ್ಕೆ ಬರುವುದೇ ಇಲ್ಲ, ನಿಮಿಷ ಕದಿಯುವುದರಲ್ಲಿ ಮಾತ್ರ ಇದನ್ನು ಮೀರಿಸುವವರು ಕಡಿಮೆ. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ಪಾಯಿಂಟ್ಸ್ ಎನ್ನುತ್ತಾರೆ. ಪ್ರಯಾಣಿಕರ ಗಾಡಿ ಹೊರಳುವಲ್ಲಿ ಹೆಚ್ಚು ಕಾಣುವುದು 12ಕ್ಕೆ 1ರ (12 ಮೀ. ಸಾಗುವಲ್ಲಿ 1 ಮೀ. ಪಕ್ಕಕ್ಕೆ ಸರಿಯುವ) ಪಾಯಿಂಟ್ಸ್, ಅದರ ಮೇಲೆ ಹೊರಳುವ ವೇಗ 30. 16ಕ್ಕೆ 1ರದ್ದಾದರೆ 50ರಲ್ಲಿ ಹೊರಳಬಹುದು, ಆದರೆ ಅದು ಉದ್ದ ಜಾಗ ಕೇಳುತ್ತದೆ. ಹಳೇ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ಎಷ್ಟೋ ಸಲ ಮೇನ್ ಲೈನಿನ ಮೇಲಿರದೆ, ಅದರಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಲೂಪ್ ಲೈನಿನ ಮೇಲಿರುತ್ತದೆ. ಆಗ ಗಾಡಿ ಪಾಯಿಂಟ್ಸ್‌ಗೆ ಮೊದಲೇ 30ಕ್ಕೆ ಇಳಿದು, 700 ಮೀಟರ್ ತೆವಳಿ ಪ್ಲಾಟ್‌ಫಾರ್ಮ್ ಮುಟ್ಟಬೇಕು. ಹೊರಡುವಾಗಲೂ 24 ಬೋಗಿಯ, ಸುಮಾರು 590 ಮೀ. ಉದ್ದದ ಗಾಡಿಯ ಕೊನೆಯ ಡಬ್ಬಿ ಪಾಯಿಂಟ್ಸ್ ದಾಟುವ ತನಕ ಲೋಕೋ ಪೈಲಟ್ ಅದೇ 30ರಲ್ಲಿ ಕೂತಿರಬೇಕು. ಲೆಕ್ಕ ಹಾಕಿದರೆ ಸ್ಟೇಷನ್ನಿಗೆ ಒಂದೂವರೆಯಿಂದ ಎರಡು ನಿಮಿಷ. ಒಂಬತ್ತು ಕಡೆ ಹೀಗಾದರೆ ಕಾಲು ಗಂಟೆ. ಪ್ಲಾಟ್‌ಫಾರ್ಮ್ ಮೇಲೆ ನಿಂತವನಿಗೆ ಗಾಡಿ ಸರಿಯಾಗಿಯೇ ಬಂದು ಸರಿಯಾಗಿಯೇ ಹೋದ ಹಾಗೆ ಕಾಣುತ್ತದೆ.

ಮೂರನೆಯದು ಕಾಷನ್ ಆರ್ಡರ್, ಅಂದರೆ ತಾತ್ಕಾಲಿಕ ವೇಗಮಿತಿ. ನಿಮ್ಮ ಕಡೆಯ ಎರೆಮಣ್ಣಿನ ಸೀಮೆಯಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಸೇರಿಕೊಳ್ಳುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಹಳಿಯ ಏರಿಯೊಳಗೆ ಈ ಮಣ್ಣಿದ್ದರೆ ಪ್ರತಿ ಚಕ್ರದ ತುಳಿತಕ್ಕೂ ನೀರು ಕೂಡಿದ ಕೆಸರು ಪಿಚಕಾರಿಯಂತೆ ಜಲ್ಲಿಯ ಸಂದಿಗೆ ಏರುತ್ತದೆ. ಸ್ವಚ್ಛವಾದ ಜಲ್ಲಿ ನೀರನ್ನು ಕೆಳಕ್ಕೆ ಬಿಡುತ್ತದೆ, ಕಲ್ಲಿಗೆ ಕಲ್ಲು ಹಲ್ಲು ಕಚ್ಚಿ ಸ್ಲೀಪರನ್ನು, ಅಂದರೆ ಹಳಿಯ ಕೆಳಗಿನ ಅಡ್ಡ ದಿಮ್ಮಿಯನ್ನು, ಹಿಡಿದಿಡುತ್ತದೆ. ಕೆಸರು ತುಂಬಿದ ಜಲ್ಲಿ ಗಾರೆ ಕಲಸಿಟ್ಟಂತೆ, ಸ್ಲೀಪರ್ ಅದರೊಳಗೆ ಕುಣಿಯುತ್ತದೆ. ಒಂದು ಹಳಿ ಕೆಲವು ಮಿ.ಮೀ. ತಗ್ಗಿದರೂ ಸಾಕು, ವೇಗ ಇಳಿಸಬೇಕು. ಹೊಸ ಏರಿ ಕಟ್ಟುವಾಗ ಜಲ್ಲಿಯ ಕೆಳಗೆ ಒಂದು ಮೀಟರ್ ತನಕ ಮರಳು–ಮೊರಂಬಿನಂಥ ಪದರ ಹಾಸುತ್ತಾರೆ, ಬ್ಲಾಂಕೆಟಿಂಗ್ ಅಂತ ಅದಕ್ಕೆ ಹೆಸರು. ಮೀಟರ್ ಗೇಜ್ ಕಾಲದ ಏರಿಗಳಿಗೆ ಈ ಭಾಗ್ಯವಿರಲಿಲ್ಲ. ಜಲ್ಲಿ ತೆಗೆದು ಜಾಲಿಸಿ ಮತ್ತೆ ಹಾಕಿದರೆ ಕೆಲವು ವರ್ಷ ನೆಮ್ಮದಿ, ಬುಡದ ಮಣ್ಣು ಅದೇ ಆದ್ದರಿಂದ ರೋಗ ಮರುಕಳಿಸುತ್ತದೆ. ಜಾಲಿಸಿದ ಮೇಲೂ ಜಲ್ಲಿ ಕೂರುವ ತನಕ 20ರಿಂದ ಶುರುಮಾಡಿ ಹಂತಹಂತವಾಗಿ ವೇಗ ಏರಿಸಬೇಕು.

ಒಂದು ಕಿ.ಮೀ. ಉದ್ದದ 30ರ ಕಾಷನ್ ಎಂದರೆ ಬರೀ ಒಂದು ಕಿ.ಮೀ. ಅಲ್ಲ. ಗಾಡಿಯ ಉದ್ದವನ್ನೂ ಸೇರಿಸಿ 1.6 ಕಿ.ಮೀ. ತೆವಳಬೇಕು, ಮೊದಲು ಬ್ರೇಕ್ ಹಿಡಿಯಬೇಕು, ಆಮೇಲೆ ಮತ್ತೆ 110ಕ್ಕೆ ಏರಬೇಕು. ಎಲ್ಲ ಸೇರಿ ಮೂರೂವರೆ ನಿಮಿಷ ನಷ್ಟ. ಐದು ಕಾಷನ್ ಇದ್ದ ದಿನ ನಿಮ್ಮ ಗಾಡಿ ಹದಿನೇಳು ನಿಮಿಷ ಸೋತಿರುತ್ತದೆ.

ಬೇಸಿಗೆಯ ಮಧ್ಯಾಹ್ನದ ಮಾತೂ ಸ್ವಲ್ಪ. ಈಗಿನ ಹಳಿಗೆ ಮೊದಲಿನಂತೆ ಅಡಿಗಡಿಗೆ ಸಂದಿಲ್ಲ, ಬೆಸೆದು ಒಂದೇ ಉದ್ದ ಮಾಡಿರುತ್ತಾರೆ, ಟಕಟಕ ಸದ್ದು ನಿಂತದ್ದು ಅದಕ್ಕೇ. ಹಿಗ್ಗಲು ಜಾಗವಿಲ್ಲದ, ಮೀಟರಿಗೆ 60 ಕಿ.ಗ್ರಾಂ. ತೂಗುವ ಹಳಿಯಲ್ಲಿ ತಾಪ ಒಂದು ಡಿಗ್ರಿ ಏರಿದರೆ ಸುಮಾರು 1.9 ಟನ್ ಒತ್ತಡ ಒಳಗೇ ಸಿಕ್ಕಿಕೊಳ್ಳುತ್ತದೆ. ಕಟ್ಟಿದಾಗಿನ ತಾಪಕ್ಕಿಂತ 30 ಡಿಗ್ರಿ ಹೆಚ್ಚಾದರೆ ಒಂದೊಂದು ಹಳಿಯಲ್ಲೂ 57 ಟನ್. ಅದನ್ನು ಪಕ್ಕಕ್ಕೆ ಸೊಟ್ಟಗಾಗದಂತೆ ಹಿಡಿದಿರುವುದು ಸ್ಲೀಪರ್ ಮತ್ತು ಜಲ್ಲಿ. ಹಾಗಾಗಿ ಬಿಸಿಲಿನಲ್ಲಿ ಜಲ್ಲಿ ಕೆದಕುವ ಕೆಲಸ ಮಾಡುವಂತಿಲ್ಲ, ಕೆದಕಿದ ಜಾಗದಲ್ಲಿ ಗಾಡಿಯನ್ನು ಜೋರಾಗಿ ಓಡಿಸುವಂತಿಲ್ಲ. ಕಾಷನ್ ಬೋರ್ಡ್ ಕಂಡರೆ ಕೆಲಸಗಳ್ಳತನ ಎಂದು ಬೈಯುವ ಮುಂಚೆ ಇದೊಂದು ನೆನಪಿರಲಿ. ಆದರೆ ಒಂದೇ ಜಾಗದಲ್ಲಿ ಎರಡು ವರ್ಷದಿಂದ ಕಾಷನ್ ಕೂತಿದ್ದರೆ ಅದನ್ನು ಪ್ರಶ್ನಿಸಲೇಬೇಕು.

ಹಾಗಾದರೆ ಜೋಡಿಹಳಿ ಕೊಟ್ಟದ್ದೇನು? ಎರಡು ಸ್ಟೇಷನ್ನುಗಳ ನಡುವೆ 10 ಕಿ.ಮೀ. ಅಂತರ ಅನ್ನಿ. ಗೂಡ್ಸ್ 50ರಲ್ಲಿ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತದೆ, ಸಿಗ್ನಲ್ ಕೊಟ್ಟು ಪಡೆಯುವುದಕ್ಕೆ ಐದು ನಿಮಿಷ. ದಿನದ 1440 ನಿಮಿಷವನ್ನು 17ರಿಂದ ಭಾಗಿಸಿ, ರಿಪೇರಿಗೂ ಅಡಚಣೆಗೂ ನೂರಕ್ಕೆ ಮೂವತ್ತು ಭಾಗ ಬಿಟ್ಟರೆ 59 ಗಾಡಿ. ಒಂಟಿಹಳಿಯಲ್ಲಿ ಇದು ಎರಡೂ ದಿಕ್ಕು ಸೇರಿ. ಜೋಡಿಹಳಿಯಾದರೆ ದಿಕ್ಕಿಗೆ 59. ಎದುರು ಗಾಡಿಗಾಗಿ ಕ್ರಾಸಿಂಗ್ ಕಾಯುವುದು ತಪ್ಪಿತು. ಈ ಹೊಸ ಜಾಗದಲ್ಲಿ ನಿಮ್ಮ ಗಾಡಿಯನ್ನೇ ಜೋರಾಗಿ ಓಡಿಸಬಹುದಿತ್ತು, ಇಲ್ಲವೇ ಇನ್ನಷ್ಟು ಗಾಡಿ ಹಾಕಬಹುದಿತ್ತು. ಹಾಕಿದ್ದು ಗಾಡಿಗಳನ್ನು. ಮಂಗಳೂರಿಗೆ, ಮುಂಬೈಗೆ, ದೆಹಲಿಗೆ ಹೊಸ ಗಾಡಿ ಬೇಕೆಂದು ಎಲ್ಲರೂ ಕೇಳುತ್ತಲೇ ಇರುವಾಗ ಇದು ಆಗುವಂಥದ್ದೇ.

ವಿದ್ಯುತ್ತಿನದೂ ಇದೇ ಕಥೆ. 25,000 ವೋಲ್ಟ್ ತಂತಿಯ ಕೆಳಗೆ ಓಡುವ ಎಂಜಿನ್ನಿಗೆ 6,000 ಅಶ್ವಶಕ್ತಿಯ ಮೇಲೆ ಬಲ, ಅದು ಬದಲಿಸಿದ ಡೀಸೆಲ್ಲಿಗೆ 4,000–4,500. ಏರಿನಲ್ಲಿ, ನಿಂತು ಹೊರಡುವಾಗ ಇದು ಗೊತ್ತಾಗುತ್ತದೆ. ದಾರಿಯಲ್ಲಿ ಎಂಜಿನ್ ಬದಲಿಸುವ ಅರ್ಧ ಗಂಟೆ ತಪ್ಪುತ್ತದೆ, ಬ್ರೇಕ್ ಹಾಕಿದಾಗ ಕರೆಂಟು ತಂತಿಗೆ ವಾಪಸಾಗುತ್ತದೆ. ತಿರುವಿನ ವೇಗಮಿತಿಗೆ ಮಾತ್ರ ಎಂಜಿನ್ ಯಾವುದಾದರೂ ಒಂದೇ. ಕರಾವಳಿಯ ಓದುಗರೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಬಗ್ಗೆ ಇದನ್ನೇ ಕೇಳುತ್ತಿರುತ್ತಾರೆ. ಆ 55 ಕಿ.ಮೀ.ಯಲ್ಲಿ 50 ಮೀಟರಿಗೆ 1 ಮೀಟರ್ ಏರು. 1,000 ಟನ್ನಿನ ಗಾಡಿಯನ್ನು ಅಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯಲೇ 20 ಟನ್ ಎಳೆತ ಬೇಕು. ಇಳಿಯುವಾಗ ಅಷ್ಟನ್ನೂ ಬ್ರೇಕ್ ಹೊರಬೇಕು, ಅದಕ್ಕೇ 30ರ ಮಿತಿ. ತಂತಿ ಎಳೆದರೆ ಹೊಗೆ ಹೋಗುತ್ತದೆ, ಹೆಚ್ಚು ಗಾಡಿ ಹತ್ತಿಸಬಹುದು, ಇಳಿಜಾರಿನ ಮಿತಿ ಹೋಗುವುದಿಲ್ಲ.

ಇನ್ನು ನಿಮ್ಮ ಗಾಡಿಯನ್ನು ಇಪ್ಪತ್ತು ನಿಮಿಷ ನಿಲ್ಲಿಸಿದ ಪ್ರಸಂಗ. ನೂರು ಕಿ.ಮೀ.ಯನ್ನು ಗೂಡ್ಸ್ ಎರಡು ಗಂಟೆಯಲ್ಲಿ ದಾಟುತ್ತದೆ, 100ರಲ್ಲಿ ಓಡುವ ಗಾಡಿ ಒಂದು ಗಂಟೆಯಲ್ಲಿ. ಒಂದರ ಹಿಂದೆ ಒಂದು ಬಿಟ್ಟರೆ ಹಿಂದಿನದು ಮುಂದಿನದರ ಬೆನ್ನಿಗೆ ಬಂದು ನಿಲ್ಲುತ್ತದೆ. ಅದಕ್ಕೆ ನಿಧಾನದ್ದನ್ನು ಲೂಪಿಗೆ ತಳ್ಳಬೇಕು. ವೇಗದ ವ್ಯತ್ಯಾಸ ಹೆಚ್ಚಿದಷ್ಟೂ ಲೂಪಿನಲ್ಲಿ ಕಾಯುವವರು ಹೆಚ್ಚು. ಒಂದು ವಂದೇ ಭಾರತ್ ಓಡಿಸುವ ನಿಜವಾದ ಬೆಲೆಯಲ್ಲಿ ಒಂದು ಭಾಗವನ್ನು ಅದರಲ್ಲಿ ಕೂರದ ಜನ ತೆರುತ್ತಾರೆ ಎನ್ನುವುದು ಸತ್ಯ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಕಾಯುವಿಕೆ ಇಪ್ಪತ್ತೇ ಆಗಬೇಕೆಂದೇನಿಲ್ಲ. ಹಳೇ ಪದ್ಧತಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ದಿಕ್ಕಿಗೆ ಒಂದೇ ಗಾಡಿ. ನಡುವೆ ಕಿ.ಮೀ.ಗೊಂದು ಸ್ವಯಂಚಾಲಿತ ಸಿಗ್ನಲ್ ಹಾಕಿದರೆ ವಂದೇ ಭಾರತ್ ದಾಟಿದ ಆರೇಳು ನಿಮಿಷಕ್ಕೆ ನಿಮ್ಮದು ಹೊರಡಬಹುದು.

ಕವಚ್ ಬಗ್ಗೆ ತಪ್ಪು ನಿರೀಕ್ಷೆ ಬಹಳ ಇದೆ. ಅದು ವೇಗದ ಯಂತ್ರವಲ್ಲ, ತಡೆಯುವ ಯಂತ್ರ. ಹಳಿಯ ನಡುವೆ ಸ್ಲೀಪರಿಗೆ ಕೂರಿಸಿದ ಟ್ಯಾಗ್‌ಗಳು ಎಂಜಿನ್ನಿಗೆ ತಾನು ಎಲ್ಲಿದ್ದೇನೆಂದು ಹೇಳುತ್ತವೆ, ಸ್ಟೇಷನ್ನಿನ ಗೋಪುರ ರೇಡಿಯೋ ಮೂಲಕ ಮುಂದಿನ ಸಿಗ್ನಲ್ ಏನೆಂದು ತಿಳಿಸುತ್ತದೆ. ಚಾಲಕ ಕೆಂಪು ದೀಪ ದಾಟಲು ಹೊರಟರೆ ಅಥವಾ ಮಿತಿ ಮೀರಿದರೆ ತಾನೇ ಬ್ರೇಕ್ ಹಾಕುತ್ತದೆ. ದೇಶದಲ್ಲಿ ಇದು ಮೊದಲು ಬೇರು ಬಿಟ್ಟ ದಕ್ಷಿಣ ಮಧ್ಯ ರೈಲ್ವೆಯ ಮಾರ್ಗಗಳಲ್ಲಿ ವಿಕಾರಾಬಾದ್–ವಾಡಿ, ವಿಕಾರಾಬಾದ್–ಬೀದರ್ ಸೇರಿವೆ, ಹಾಗಾಗಿ ಕರ್ನಾಟಕದ ಈಶಾನ್ಯ ಮೂಲೆಗೆ ಇದು ಹೊಸದಲ್ಲ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿದರು, 2024ರ ಜುಲೈನಲ್ಲಿ 4.0 ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. ವೇಗಕ್ಕೂ ಇದಕ್ಕೂ ನಂಟು ಇಷ್ಟೇ: 160ರಲ್ಲಿ ಹೋಗುವಾಗ ಮಂಜಿನಲ್ಲಿ, ಮಳೆಯಲ್ಲಿ ಕಂಬದ ಮೇಲಿನ ದೀಪವನ್ನು ಕಣ್ಣಿಂದ ಓದಿ ಬ್ರೇಕ್ ಹಿಡಿಯುವುದನ್ನು ನೆಚ್ಚಿಕೊಳ್ಳಲಾಗದು, ಸಿಗ್ನಲ್ ಕ್ಯಾಬಿನ್ನಿನೊಳಗೇ ಕಾಣಬೇಕು. 110ರ ಮಾರ್ಗಕ್ಕೆ ಕವಚ್ ಹಾಕಿದರೆ ಅದು 110ರ ಮಾರ್ಗವೇ, ಸುರಕ್ಷತೆ ಹೆಚ್ಚಿದ್ದು. ಎಲ್ಲ ಅಪಘಾತಕ್ಕೂ ಇದು ಮದ್ದಲ್ಲ. 2023ರ ಜೂನ್ 2ರಂದು ಬಾಲಸೋರ್ ಹತ್ತಿರ ಬಹನಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಹಸಿರು ದೀಪವೇ ಇತ್ತು. ಸಿಗ್ನಲ್ ಸರ್ಕ್ಯೂಟಿನ ತಂತಿ ಬದಲಿಸುವಾಗಿನ ಲೋಪದಿಂದ ಪಾಯಿಂಟ್ಸ್ ಲೂಪಿನ ಕಡೆಗೆ ತಿರುಗಿತ್ತು. ಸುಳ್ಳು ಹಸಿರನ್ನು ಕವಚ್ ಕೂಡ ಹಸಿರೆಂದೇ ಓದುತ್ತದೆ. ಹಳಿ ಮುರಿದರೂ ಎಮ್ಮೆ ಅಡ್ಡ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ.

ದಾರಿಗಳು ಏನಿವೆ? ಅಗ್ಗವಾದದ್ದು ಟೈಮ್‌ಟೇಬಲ್ ಬಿಗಿ ಮಾಡುವುದು. ನಿಮ್ಮ ಗಾಡಿ ಕೊನೆಯ ನಿಲ್ದಾಣಕ್ಕೆ ಮುಂಚಿನ ಸ್ಟೇಷನ್ನಿನಿಂದ ಕೊನೆಗೆ ಎಷ್ಟು ನಿಮಿಷ ಇಟ್ಟುಕೊಂಡಿದೆ, ವಾಪಸ್ ಬರುವಾಗ ಅದೇ ದೂರಕ್ಕೆ ಎಷ್ಟು ಎಂದು ಹೋಲಿಸಿ ನೋಡಿ. ವ್ಯತ್ಯಾಸವೆಲ್ಲ ತಡವಾದರೆ ಸರಿದೂಗಿಸಲು ಇಟ್ಟ ಬಿಡುವು. ದಾರಿಯುದ್ದಕ್ಕೂ ತಡವಾದ ಗಾಡಿ ಕೊನೆಗೆ ಸರಿಯಾದ ಸಮಯಕ್ಕೆ ಮುಟ್ಟುವ ಪವಾಡ ಇದೇ. ಅದನ್ನು ಕತ್ತರಿಸಿದರೆ ಕಾಗದದ ಮೇಲೆ ಗಾಡಿ ಚುರುಕಾಗುತ್ತದೆ. ಆದರೆ ಒಂದು ಕಾಷನ್ ಬಿದ್ದ ದಿನ ಮುಂದಿನ ಕನೆಕ್ಷನ್ ತಪ್ಪುವವರು ನೀವೇ.

ಯಾರ್ಡ್ ಸರಿಪಡಿಸುವುದು ದುಡ್ಡಿಗೆ ತಕ್ಕ ಫಲ ಕೊಡುವ ಕೆಲಸ: ಮೇನ್ ಲೈನಿಗೆ ಪ್ಲಾಟ್‌ಫಾರ್ಮ್, 12ರ ಬದಲು 16ರ ಪಾಯಿಂಟ್ಸ್, ಪಾಯಿಂಟ್ಸ್ ಮತ್ತು ಸಿಗ್ನಲ್ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್. ತೊಂದರೆ ಏನೆಂದರೆ ಕೆಲಸ ನಡೆಯುವ ವಾರಗಳಲ್ಲಿ ಗಾಡಿ ರದ್ದಾಗುತ್ತವೆ, ಸಿಗ್ನಲ್ ತಂತಿ ಬದಲಿಸುವ ಆ ಗಂಟೆಗಳೇ ಅತ್ಯಂತ ಅಪಾಯದ ಗಂಟೆಗಳು. ಅವಸರ ಮಾಡಿಸಬೇಡಿ. ತಿರುವು ನೇರ ಮಾಡುವುದು ಅದರ ನಂತರದ್ದು. 4 ಡಿಗ್ರಿಯನ್ನು 2 ಡಿಗ್ರಿಗೆ ಇಳಿಸಿದರೆ ಅದೇ ಕ್ಯಾಂಟಿನಲ್ಲಿ 72 ಇದ್ದದ್ದು 102 ಆಗುತ್ತದೆ. ಆದರೆ ಹಳಿ ಹತ್ತಾರು ಮೀಟರ್ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಯಾರದೋ ಅಡಿಕೆ ತೋಟವೋ ಮೆಕ್ಕೆಜೋಳದ ಹೊಲವೋ ಇರುತ್ತದೆ. ಭೂಸ್ವಾಧೀನವೇ ವರ್ಷಗಳನ್ನು ತಿನ್ನುತ್ತದೆ.

ನಿಲುಗಡೆ ಕಡಿಮೆ ಮಾಡುವುದು ಯಾರ ಬಾಯಲ್ಲೂ ಬರದ ಉಪಾಯ. ಎಂಜಿನ್ ಎಳೆಯುವ ಗಾಡಿಗೆ ಎರಡು ನಿಮಿಷದ ನಿಲುಗಡೆಯ ನಿಜವಾದ ಬೆಲೆ ನಾಲ್ಕೈದು ನಿಮಿಷ. ವಂದೇ ಭಾರತ್‌ನಲ್ಲಿ ಅರ್ಧದಷ್ಟು ಡಬ್ಬಿಗಳಿಗೇ ಮೋಟರ್ ಇರುವುದರಿಂದ ಸುಮಾರು 52 ಸೆಕೆಂಡಿನಲ್ಲಿ 100 ಮುಟ್ಟುತ್ತದೆ, ಅದಕ್ಕೆ ಒಂದು ನಿಲುಗಡೆಗೆ ಮೂರು ನಿಮಿಷ ಸಾಕು. ಆ ಗಾಡಿಯ ನಿಜವಾದ ಹೆಚ್ಚುಗಾರಿಕೆ ಇದು, 180 ಅಲ್ಲ. ಎರಡೂ ತುದಿಗೆ ಎಂಜಿನ್ ಇರುವ ಅಮೃತ್ ಭಾರತ್ ನಡುದಾರಿ. 2023ರ ಡಿಸೆಂಬರ್ 30ರಂದು ಹೊರಟ ಮೊದಲ ಎರಡರಲ್ಲಿ ಒಂದು ಮಾಲ್ಡಾ ಟೌನ್‌ನಿಂದ ಬೆಂಗಳೂರಿನ ಬೈಯಪ್ಪನಹಳ್ಳಿಗೆ ಬರುವಂಥದ್ದು. ಸ್ಲೀಪರ್ ಕ್ಲಾಸಿನ ಜನಕ್ಕೆ ಚುರುಕು ಗಾಡಿ ಬೇಕಾದರೆ ಕೇಳಬೇಕಾದ್ದು ಇದನ್ನು.

130ರ ಬೇಡಿಕೆ ಇಡುವುದಾದರೆ ಬೇಲಿಯ ಮಾತನ್ನೂ ಒಪ್ಪಿಕೊಂಡು ಇಡಿ. ಆ ವೇಗಕ್ಕೆ ಹಳಿಯ ಎರಡೂ ಬದಿ ತಡೆಗೋಡೆ ಹಾಕುತ್ತಾ ಹೋಗುತ್ತಾರೆ, ಲೆವೆಲ್ ಕ್ರಾಸಿಂಗ್ ಗೇಟುಗಳನ್ನು ಮುಚ್ಚಿ ಸೇತುವೆ ಕೊಡುತ್ತಾರೆ. ಹೊಲಕ್ಕೆ ಹಳಿ ದಾಟಿ ಹೋಗುತ್ತಿದ್ದ ರೈತ ಸುತ್ತಿ ಬಳಸಿ ಹೋಗಬೇಕು, ಕೆಳಸೇತುವೆಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ. ನಿಮ್ಮ ಸಂಘದಲ್ಲಿ ಬೆಂಗಳೂರಿಗೆ ಓಡಾಡುವವರಷ್ಟೇ ಇದ್ದರೆ ಈ ಮಾತು ಸಭೆಯಲ್ಲಿ ಏಳುವುದೇ ಇಲ್ಲ, ಗೇಟು ಮುಚ್ಚುವ ದಿನ ಏಳುತ್ತದೆ.

ಕಡೆಗೆ ಹೊಸ ಹಳಿ. ಉತ್ತರದಲ್ಲಿ ಗೂಡ್ಸಿಗೇ ಪ್ರತ್ಯೇಕ ಮಾರ್ಗ ಕಟ್ಟಿದ್ದಾರೆ, ಪೂರ್ವದ್ದು 1,337 ಕಿ.ಮೀ., ಪಶ್ಚಿಮದ್ದು 1,506. ನಿಧಾನದ್ದನ್ನೂ ವೇಗದ್ದನ್ನೂ ಬೇರೆ ಮಾಡುವುದೇ ಅದರ ಗುಟ್ಟು. ಜಪಾನಿನವರು 1964ರಲ್ಲಿ ತಮ್ಮ 1067 ಮಿ.ಮೀ. ಹಳೇ ಹಳಿಯನ್ನು ನೇರ ಮಾಡುತ್ತಾ ಕೂರಲಿಲ್ಲ, ಪಕ್ಕಕ್ಕೆ 2,500 ಮೀ. ತ್ರಿಜ್ಯದ ತಿರುವುಗಳ ಬೇರೆ ಹಳಿಯನ್ನೇ ಹಾಕಿದರು. ಮುಂಬೈ–ಅಹಮದಾಬಾದ್‌ನ 508 ಕಿ.ಮೀ. ಅದೇ ಮಾದರಿ. ನಮ್ಮ ಮಾರ್ಗಕ್ಕೆ ಅದು ಮನವಿಪತ್ರದಿಂದ ಬರುವ ವಸ್ತುವಲ್ಲ. ಅದರ ಬಗ್ಗೆ ಒಂದು ಸಾಲು ಬರೆದು ಬಿಡಿ, ಜೋರು ಬೇರೆ ಕಡೆ ಹಾಕಿ.

ಮನವಿಗೆ ಮುಂಚೆ ಒಂದು ಅರ್ಜಿ ಹಾಕಿ, ಮಾಹಿತಿ ಹಕ್ಕಿನಡಿ, ಶುಲ್ಕ 10 ರೂ. ಡಿವಿಜನ್ ಕಚೇರಿಯಿಂದ ನಿಮ್ಮ ವಿಭಾಗದ ಕಾಯಂ ವೇಗಮಿತಿಗಳ ಪಟ್ಟಿ ಕೇಳಿ: ಯಾವ ಕಿ.ಮೀ.ಯಿಂದ ಯಾವ ಕಿ.ಮೀ.ಗೆ, ಎಷ್ಟು ವೇಗ, ಕಾರಣವೇನು, ಯಾವಾಗಿನಿಂದ, ತೆಗೆಯಲು ಮಂಜೂರಾದ ಕೆಲಸ ಇದೆಯೇ. ತಾತ್ಕಾಲಿಕ ಮಿತಿಗಳಲ್ಲಿ ಆರು ತಿಂಗಳು ಮೀರಿದವು ಯಾವುವು ಎಂದು ಬೇರೆಯಾಗಿ ಕೇಳಿ. ಜೊತೆಗೆ ನೀವೂ ಅಳೆಯಿರಿ. ತಂತಿಯ ಕಂಬಕ್ಕೆಲ್ಲ ಅಂಕಿ ಬರೆದಿರುತ್ತದೆ, ಮೇಲಿನದು ಕಿ.ಮೀ., ಕೆಳಗಿನದು ಆ ಕಿ.ಮೀ.ಯಲ್ಲಿ ಎಷ್ಟನೇ ಕಂಬ ಎಂಬುದು, ಜೋಡಿಹಳಿಯಲ್ಲಿ ಒಂದು ಬದಿಗೆ ಸಮ, ಇನ್ನೊಂದು ಬದಿಗೆ ಬೆಸ. ಫೋನಿನ ಸ್ಪೀಡೋಮೀಟರ್ ತೆರೆದಿಟ್ಟು, ವೇಗ 50ಕ್ಕಿಂತ ಕೆಳಗಿಳಿದಾಗಲೆಲ್ಲ ಕಂಬದ ಅಂಕಿ ಬರೆದುಕೊಳ್ಳಿ. ಹಳದಿ ತ್ರಿಕೋನದಲ್ಲಿ ಅಂಕಿ ಕಂಡರೆ ವೇಗಮಿತಿ ಶುರು, ಹಳದಿ ಗುಂಡು ಬೋರ್ಡು ಬಂದರೆ ಮುಗಿಯಿತು. ತಿರುವಿನ ಬಳಿ ಚಿಕ್ಕ ಫಲಕದಲ್ಲಿ ತ್ರಿಜ್ಯ, ಕ್ಯಾಂಟ್ ಬರೆದಿರುತ್ತದೆ, ಓಡುವ ಗಾಡಿಯಿಂದ ಓದಲಾಗುವುದಿಲ್ಲ, ಕಂಬದ ಅಂಕಿ ಸಿಕ್ಕರೆ ಸಾಕು. ನಾಲ್ಕೈದು ಜನ, ಬೇರೆ ಬೇರೆ ಗಾಡಿ, ಮಳೆಗಾಲಕ್ಕೆ ಮುಂಚೆ ಒಂದು ತಿಂಗಳು, ಆಮೇಲೆ ಒಂದು ತಿಂಗಳು.

ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಅತಿ ಹೆಚ್ಚು ನಿಮಿಷ ತಿನ್ನುವ ಹತ್ತು ಜಾಗ ತಾವಾಗಿಯೇ ಮೇಲೆ ಬರುತ್ತವೆ. ಆ ಹತ್ತನ್ನು ಕಿ.ಮೀ. ಸಮೇತ ಬರೆದು ಡಿವಿಜನ್ ಮಟ್ಟದ ಬಳಕೆದಾರರ ಸಲಹಾ ಸಮಿತಿಯ ಮುಂದೆ ಇಡಿ, ಪ್ರತಿ ಸಾಲಿಗೂ ಯಾವಾಗ ತೆಗೆಯುತ್ತೀರಿ ಎಂದಷ್ಟೇ ಕೇಳಿ. ವೇಗ ಹೆಚ್ಚಿಸಿ ಎಂದರೆ ಪರಿಶೀಲಿಸುತ್ತೇವೆ ಎಂಬ ಉತ್ತರ ಸಿದ್ಧವಿರುತ್ತದೆ, ಇಂತಿಂಥ ಕಂಬದಿಂದ ಇಂತಿಂಥ ಕಂಬದವರೆಗೆ ಎಂದರೆ ಎಂಜಿನಿಯರ್ ಕಡತ ತೆಗೆಯಲೇಬೇಕಾಗುತ್ತದೆ. ಅಳೆಯುವ ಹುಮ್ಮಸ್ಸಿನಲ್ಲಿ ಬಾಗಿಲಲ್ಲಿ ನೇತಾಡಬೇಡಿ, ಕಂಬಗಳು ಹತ್ತಿರವೇ ಇರುತ್ತವೆ. ನಿಮ್ಮ ಹಳಿಯ ಕಂಬಗಳು ಯಾವ ಬದಿಗಿವೆಯೋ ಆ ಬದಿಯ ಕಿಟಕಿ ಸೀಟು ಹಿಡಿದರೆ ಎಲ್ಲ ಕಾಣುತ್ತದೆ.